ತಂಡವಾಗಿ ವಿಹಾರಕ್ಕೆ ಪೂರ್ಣ ದೋಣಿಯನ್ನು ಬಾಡಿಗೆಗೆ ಪಡೆಯುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ನಾಗರಿಕರಿಗಾಗಿ)

ಮೇಲ್ಕಂಡ ನಾಲ್ಕು ತಾಲ್ಲೂಕುಗಳ ಯುವಕ ಸಂಘಗಳು, ಸ್ವಸಹಾಯ ಗುಂಪುಗಳು, ಶಾಲಾ-ಕಾಲೇಜುಗಳು, ನೌಕರರ ಸಂಘಗಳು ಹಾಗೂ ಕುಟುಂಬದವರು ಒಂದು ದಿನದ ವಿಹಾರಕ್ಕಾಗಿ ದೋಣಿಯನ್ನು ಇಡಿಯಾಗಿ ಬಾಡಿಗೆಗೆ ಪಡೆಯುವ ಬಗ್ಗೆ ವಿಚಾರಿಸುವುದು ಹೆಚ್ಚುತ್ತಿದೆ. ಯಾಚ್ ಎಂದು ಕರೆಯಲಾಗುವ ಖಾಸಗಿ ವಿಹಾರನೌಕೆ ಇಲ್ಲಿ ದೊರೆಯುವುದೇ, ದೊರೆಯದಿದ್ದಲ್ಲಿ ಬದಲಿ ವ್ಯವಸ್ಥೆ ಏನು, ಯಾರ ಅನುಮತಿ ಬೇಕು, ದೋಣಿ ಹತ್ತುವ ಮುನ್ನ ಏನನ್ನು ಪರಿಶೀಲಿಸಬೇಕು ಎಂಬ ವಿಷಯಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಮೊದಲಿಗೆ ಒಂದು ಸ್ಪಷ್ಟನೆ. ದೋಣಿಯನ್ನು ಪೂರ್ಣವಾಗಿ ಬಾಡಿಗೆಗೆ ಪಡೆಯುವುದೆಂದರೆ ಆ ಅವಧಿಯಲ್ಲಿ ಬೇರೆ ಪ್ರಯಾಣಿಕರು ಅದರಲ್ಲಿ ಬರುವುದಿಲ್ಲ ಎಂದಷ್ಟೇ ಅರ್ಥ. ದೋಣಿಯಲ್ಲಿ ಎಷ್ಟು ಮಂದಿ ಕೂರಬೇಕು, ಯಾವ ಹೊತ್ತಿಗೆ ಹೊರಡಬೇಕು, ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ಬಾಡಿಗೆ ನೀಡಿದವರಿಗೆ ಬರುವುದಿಲ್ಲ. “ಹಣ ಕೊಟ್ಟಿದ್ದೇವೆ, ಇನ್ನಿಬ್ಬರನ್ನು ಹತ್ತಿಸಿಕೊಳ್ಳಿ” ಎಂಬ ಮಾತು ದಡದಲ್ಲಿ ಪದೇ ಪದೇ ಕೇಳಿಬರುತ್ತದೆ. ಈ ಮಾಹಿತಿಯನ್ನು ಸಿದ್ಧಪಡಿಸಲು ಮುಖ್ಯ ಕಾರಣ ಆ ಮಾತೇ ಆಗಿದೆ.

ಈ ತಾಲ್ಲೂಕುಗಳಲ್ಲಿ ಯಾಚ್ ದೊರೆಯುತ್ತದೆಯೇ?

ಇಲ್ಲ. ಯಾಚ್ ಎಂಬುದು ಮುಖ್ಯವಾಗಿ ಸಮುದ್ರ ಹಾಗೂ ಅಳಿವೆಗಳ ನೌಕೆ. ಕಾವೇರಿ, ಹೇಮಾವತಿ ಮತ್ತು ಲೋಕಪಾವನಿ ನದಿಗಳು ಈ ಭಾಗದಲ್ಲಿ ಬಂಡೆ, ನಡುಗಡ್ಡೆ ಹಾಗೂ ಅಣೆಕಟ್ಟೆಗಳ ನಡುವೆ ಹರಿಯುವುದರಿಂದ ಅಂತಹ ನೌಕೆ ಚಲಿಸುವಷ್ಟು ಆಳ ಒಂದೇ ಸಮನಾಗಿ ಸಿಗುವುದಿಲ್ಲ.

ವಿಸ್ತಾರವಾದ ನೀರು ಇರುವುದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮಾತ್ರ. 1911ರಲ್ಲಿ ಕಾಮಗಾರಿ ಆರಂಭಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.452 ಟಿಎಂಸಿ. ಆದರೆ ಇದು ನೀರಾವರಿಗೂ ಕುಡಿಯುವ ನೀರಿಗೂ ಆಧಾರವಾದ, ಭದ್ರತೆಗೆ ಒಳಪಟ್ಟ ಜಲಾಶಯ. ಸಂಬಂಧಪಟ್ಟ ಪ್ರಾಧಿಕಾರದ ಅನುಮತಿ ಇಲ್ಲದೆ ಇಲ್ಲಿ ಖಾಸಗಿಯವರು ವಿಹಾರದ ದೋಣಿ ಇಳಿಸತಕ್ಕದ್ದಲ್ಲ. ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ವೇಣುಗೋಪಾಲಸ್ವಾಮಿ ದೇವಾಲಯ ನೋಡಲು ಬರುವವರು ದಡದಲ್ಲಿರುವ ಮೀನುಗಾರರನ್ನು “ಒಂದು ಸುತ್ತು ಕರೆದುಕೊಂಡು ಹೋಗಿ” ಎಂದು ಒತ್ತಾಯಿಸುವುದುಂಟು. ಮೀನು ಹಿಡಿಯುವ ತೆಪ್ಪ ಪ್ರಯಾಣಿಕರ ದೋಣಿಯಲ್ಲ. ಹಾಗೆ ಕೇಳುವುದರಿಂದ ಆ ಮೀನುಗಾರರನ್ನೂ ತೊಂದರೆಗೆ ಸಿಲುಕಿಸಿದಂತಾಗುತ್ತದೆ. ಹಿನ್ನೀರಿನ ತಳದಲ್ಲಿ ಹಳೆಯ ಊರುಗಳ ಕಟ್ಟಡದ ಅವಶೇಷ ಹಾಗೂ ಮರದ ಬೊಡ್ಡೆಗಳು ಇರುವ ಸಾಧ್ಯತೆಯಿದ್ದು, ನೀರಿನ ಮಟ್ಟ ಇಳಿದಂತೆ ಅವು ಮೇಲ್ಮೈಗೆ ಹತ್ತಿರವಾಗುತ್ತವೆ ಎಂಬುದನ್ನೂ ಗಮನಿಸತಕ್ಕದ್ದು.

ರಂಗನತಿಟ್ಟು ಪಕ್ಷಿಧಾಮ

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ತಂಡಗಳಿಗೆ ಹೆಚ್ಚು ವಿಶ್ವಾಸಾರ್ಹವಾದ ವ್ಯವಸ್ಥೆ ಇರುವುದು ರಂಗನತಿಟ್ಟಿನಲ್ಲಿ. ಕಾವೇರಿಗೆ 17ನೇ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಉಂಟಾದ ಈ ನಡುಗಡ್ಡೆಗಳು, ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲ್ಪಟ್ಟವು. ವಿಸ್ತೀರ್ಣ 0.67 ಚದರ ಕಿಲೋಮೀಟರ್ ಮಾತ್ರ. 2022ರಲ್ಲಿ ಇದು ರಾಮ್ಸಾರ್ ತಾಣವಾಗಿ ಮಾನ್ಯತೆ ಪಡೆಯಿತು; ಕರ್ನಾಟಕದಲ್ಲಿ ಈ ಮಾನ್ಯತೆ ಪಡೆದ ಮೊದಲ ತಾಣ ಇದೇ.

ಇಲ್ಲಿ ದೋಣಿಗಳನ್ನು ಅರಣ್ಯ ಇಲಾಖೆಯೇ ನಡೆಸುತ್ತದೆ. ದೋಣಿ ನಡೆಸುವ ಸಿಬ್ಬಂದಿಗೆ ಹಕ್ಕಿಗಳ ಗೂಡು, ಮೊಸಳೆಗಳು ಬಿಸಿಲು ಕಾಯುವ ಬಂಡೆ ಹಾಗೂ ನೀರಿನ ಸೆಳೆತ ಎಲ್ಲವೂ ತಿಳಿದಿರುತ್ತದೆ. ಸಾಮಾನ್ಯ ದೋಣಿಯಲ್ಲಿ ಇತರ ಪ್ರವಾಸಿಗರೊಂದಿಗೆ ಹೋಗಬಹುದು. ಛಾಯಾಗ್ರಹಣ ಮಾಡುವವರು ಹಾಗೂ ಪ್ರತ್ಯೇಕವಾಗಿ ಹೋಗಬಯಸುವವರು ವಿಶೇಷ ದೋಣಿಯನ್ನು ಕೇಳಬಹುದು. ಶುಲ್ಕವನ್ನು ಆಗಾಗ ಪರಿಷ್ಕರಿಸಲಾಗುವುದರಿಂದ ಅಂದಿನ ದರವನ್ನು ಟಿಕೆಟ್ ಕೌಂಟರಿನಲ್ಲಿಯೇ ತಿಳಿದುಕೊಂಡು ರಶೀದಿ ಪಡೆಯತಕ್ಕದ್ದು. ದೊಡ್ಡ ತಂಡವಿದ್ದಲ್ಲಿ ಭಾನುವಾರ ಹಾಗೂ ರಜಾದಿನಗಳನ್ನು ಬಿಟ್ಟು, ಬೆಳಗಿನ ಹೊತ್ತು ಬರುವುದು ಅನುಕೂಲಕರ.

ಒಂದು ಸುತ್ತು ಸಾಮಾನ್ಯವಾಗಿ ಅರ್ಧ ಗಂಟೆಗಿಂತ ಕಡಿಮೆ ಅವಧಿಯದು. ಇಡೀ ದಿನ ದೋಣಿಯಲ್ಲಿ ಕಳೆಯಬೇಕೆಂಬ ಅಪೇಕ್ಷೆ ಇರುವವರಿಗೆ ಇದು ನಿರಾಸೆ ತರಬಹುದು. ಆದರೆ ಗೂಡು ಕಟ್ಟುವ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ, ಹೆಜ್ಜಾರ್ಲೆ ಹಾಗೂ ಚಮಚಕೊಕ್ಕುಗಳನ್ನು ಇಷ್ಟು ಹತ್ತಿರದಿಂದ, ಯಂತ್ರದ ಸದ್ದಿಲ್ಲದೆ ನೋಡುವ ಅವಕಾಶ ಯಾವ ಐಷಾರಾಮಿ ನೌಕೆಯಲ್ಲಿಯೂ ಸಿಗಲಾರದು. ಧ್ವನಿವರ್ಧಕ, ಹುಟ್ಟುಹಬ್ಬದ ಬಲೂನು, ಆಹಾರ ಪೊಟ್ಟಣ ಇವುಗಳನ್ನು ದೋಣಿಗೆ ತರುವಂತಿಲ್ಲ. ನೀರಿಗೆ ಕೈ ಇಳಿಬಿಡಬಾರದು. ಇಲ್ಲಿನ ಮೊಸಳೆಗಳು ಬಂಡೆಯ ಮೇಲೆ ಅಲ್ಲಾಡದೆ ಮಲಗಿರುವುದನ್ನು ಕಂಡು ಅವು ಗೊಂಬೆಗಳೆಂದು ಭಾವಿಸಿದ ಪ್ರವಾಸಿಗರೂ ಉಂಟು.

ಬೃಂದಾವನ ಹಾಗೂ ಹರಿಗೋಲು ವಿಹಾರ

ಕೃಷ್ಣರಾಜಸಾಗರದ ಕೆಳಭಾಗದಲ್ಲಿರುವ ಬೃಂದಾವನ ಉದ್ಯಾನದೊಳಗಿನ ಕೊಳದಲ್ಲಿ ದೋಣಿ ವಿಹಾರ ಬಹುಕಾಲದಿಂದ ನಡೆದುಬಂದಿದೆ. ಉದ್ಯಾನವು ಕಾವೇರಿ ನೀರಾವರಿ ನಿಗಮದ ವ್ಯಾಪ್ತಿಗೆ ಒಳಪಟ್ಟಿದ್ದು, ಕಾಮಗಾರಿ ಅಥವಾ ನೀರು ಬಿಡುಗಡೆಯ ಕಾರಣ ದೋಣಿಗಳನ್ನು ನಿಲ್ಲಿಸಿರುವ ಸಂದರ್ಭವೂ ಇರುವುದರಿಂದ ಹೊರಡುವ ಹಿಂದಿನ ದಿನ ವಿಚಾರಿಸುವುದು ಒಳಿತು.

ಶ್ರೀರಂಗಪಟ್ಟಣದ ಸಂಗಮ, ಬಲಮುರಿ ಮುಂತಾದೆಡೆ ಕಂಡುಬರುವ ಹರಿಗೋಲಿನ ವಿಷಯ ಬೇರೆ. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಬಂಡೆಗಳ ನಡುವೆ, ಮೊಳಕಾಲುದ್ದ ನೀರಿನಲ್ಲಿಯೂ ಸಾಗಬಲ್ಲ ಇದು ನಮ್ಮ ನದಿಗೆ ತಕ್ಕಂತೆ ರೂಪುಗೊಂಡ ಸಾಧನ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದಕ್ಕೆ ಮುಂಭಾಗ-ಹಿಂಭಾಗ ಎಂಬುದಿಲ್ಲ, ಚುಕ್ಕಾಣಿ ಇಲ್ಲ. ಅಂಬಿಗನ ಹುಟ್ಟು ಒಂದೇ ಆಸರೆ. ಒಬ್ಬರು ಎದ್ದು ನಿಂತರೂ ತೂಕ ಒಂದು ಬದಿಗೆ ಸರಿಯುತ್ತದೆ. ಪ್ರವಾಸಿಗರ ಸಂತೋಷಕ್ಕಾಗಿ ಹರಿಗೋಲನ್ನು ಗಿರಗಿರನೆ ತಿರುಗಿಸುವ ರೂಢಿ ಇದೆ. ಮಕ್ಕಳು ಹಾಗೂ ವಯೋವೃದ್ಧರು ಇರುವಾಗ ಇದನ್ನು ಬೇಡವೆಂದು ಮೊದಲೇ ತಿಳಿಸತಕ್ಕದ್ದು. ಜಿಲ್ಲಾಡಳಿತವು ನದಿಗೆ ಇಳಿಯದಂತೆ ಆದೇಶ ಹೊರಡಿಸಿದ ದಿನಗಳಲ್ಲಿ ಹರಿಗೋಲು ಹತ್ತುವುದೂ ಆದೇಶದ ಉಲ್ಲಂಘನೆಯೇ ಆಗುತ್ತದೆ.

ಉಳಿದ ತಾಲ್ಲೂಕುಗಳ ಸ್ಥಿತಿ

ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ ಹಾಗೂ ಲಕ್ಷ್ಮಣತೀರ್ಥ ನದಿಗಳು ಸೇರುತ್ತವೆ. ಊರಿನ ಹೆಸರೇ ಹೇಳುವಂತೆ ಇದು ಅಂಬಿಗರ ನೆಲೆ. 2022ರ ಅಕ್ಟೋಬರ್ ತಿಂಗಳಿನಲ್ಲಿ ಇಲ್ಲಿ ಕುಂಭಮೇಳ ನಡೆದ ನಂತರ ತ್ರಿವೇಣಿ ಸಂಗಮವನ್ನು ನೋಡಲು ಬರುವವರ ಸಂಖ್ಯೆ ಹೆಚ್ಚಿದೆ. ಆದರೆ ಮೇಳದಂತಹ ಸಂದರ್ಭದಲ್ಲಿ ಇರುವ ಈಜುಗಾರರು, ಅಗ್ನಿಶಾಮಕ ಸಿಬ್ಬಂದಿ ಹಾಗೂ ದೋಣಿಗಳು ವರ್ಷವಿಡೀ ಇರುವುದಿಲ್ಲ. ಇದೇ ಮಾತು ಹೇಮಗಿರಿಗೂ ಅನ್ವಯಿಸುತ್ತದೆ.

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ತಿಳಿನೀರು ಅನೇಕರನ್ನು ಸೆಳೆಯುತ್ತದೆ. ತಿಳಿನೀರು ಕಡಿಮೆ ಆಳದಂತೆ ತೋರುತ್ತದೆ. ವಾಸ್ತವವಾಗಿ ಈ ಕೆರೆ ಬಹಳ ಆಳವಾದುದು, ಇಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಉತ್ಸವದ ಸಂದರ್ಭಗಳಲ್ಲಿ ಜಲಕ್ರೀಡೆ ಏರ್ಪಟ್ಟಲ್ಲಿ ಅದನ್ನು ಖಾಯಂ ವ್ಯವಸ್ಥೆ ಎಂದು ಭಾವಿಸಿ ತಂಡ ಕರೆತರಬಾರದು.

ನಾಗಮಂಗಲ ತಾಲ್ಲೂಕು ಮಳೆಯಾಶ್ರಿತ ಕೆರೆಗಳ ಸೀಮೆ. ದೋಣಿ ವಿಹಾರದ ಅಪೇಕ್ಷೆಯುಳ್ಳ ಇಲ್ಲಿನ ನಾಗರಿಕರು ಶ್ರೀರಂಗಪಟ್ಟಣದ ಕಡೆಗೆ ಬರುವುದೇ ಸೂಕ್ತ.

ನದಿಗೆ ನೀರು ಬಿಡುವ ದಿನಗಳು

ಕೃಷ್ಣರಾಜಸಾಗರದ ಕೆಳಗಿನ ಪ್ರತಿಯೊಂದು ದೋಣಿತಾಣವೂ ಜಲಾಶಯದ ಗೇಟುಗಳ ಅಧೀನದಲ್ಲಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. 2024ರ ಜುಲೈ-ಆಗಸ್ಟ್ ಅವಧಿಯಲ್ಲಿ ಹೊರಹರಿವು 1 ಲಕ್ಷ ಕ್ಯೂಸೆಕ್ಸ್ ಮೀರಿತ್ತು. ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. ಆಗ ರಂಗನತಿಟ್ಟಿನಲ್ಲಿ ದೋಣಿ ವಿಹಾರವನ್ನು ಸ್ಥಗಿತಗೊಳಿಸಲಾಗಿತ್ತು.

ಜುಲೈ ತಿಂಗಳಿಗೆ ಮೊದಲು ಅಪಾಯವಿಲ್ಲ ಎಂಬ ಹಳೆಯ ಲೆಕ್ಕಾಚಾರವನ್ನೂ ನಂಬುವಂತಿಲ್ಲ. 2025ರಲ್ಲಿ ಜಲಾಶಯವು ಜೂನ್ ತಿಂಗಳಿನಲ್ಲಿಯೇ ಭರ್ತಿಯಾಯಿತು. ಅಣೆಕಟ್ಟೆಯ ಇತಿಹಾಸದಲ್ಲಿ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಸ್ಥಳೀಯವಾಗಿ ಮಳೆ ಇಲ್ಲದೆ ಆಕಾಶ ತಿಳಿಯಾಗಿದ್ದರೂ ಕೊಡಗಿನಲ್ಲಿ ಸುರಿದ ಮಳೆಯ ನೀರು ಇಲ್ಲಿಗೆ ಬಂದಿರುತ್ತದೆ. ಆದುದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಾಂಕ ನಿಗದಿಪಡಿಸುವವರು ಮುಂಗಡ ಹಣ ನೀಡುವ ಮುನ್ನ, ನೀರು ಬಿಡುಗಡೆಯಿಂದ ವಿಹಾರ ರದ್ದಾದಲ್ಲಿ ಹಣ ಮರಳಿಸುವ ಷರತ್ತನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಹೊರಡುವ ದಿನ ಬೆಳಿಗ್ಗೆ ಜಲಾಶಯದ ಮಟ್ಟ ಹಾಗೂ ಹೊರಹರಿವನ್ನು ದಿನಪತ್ರಿಕೆಯಲ್ಲಿ ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ.

ದೋಣಿಯ ದಾಖಲೆಗಳು

ಒಳನಾಡು ಜಲಮಾರ್ಗಗಳಲ್ಲಿ ಸಂಚರಿಸುವ ಯಾಂತ್ರೀಕೃತ ದೋಣಿಗಳಿಗೆ 1917ರ ಕಾಯ್ದೆಯ ಬದಲಿಗೆ ಒಳನಾಡು ನೌಕೆಗಳ ಕಾಯ್ದೆ, 2021 ಅನ್ವಯಿಸುತ್ತದೆ. ಇದು 2022ರ ಜೂನ್‌ನಿಂದ ಜಾರಿಗೆ ಬಂದಿದೆ. ಇದರನ್ವಯ ದೋಣಿಗೆ ನೋಂದಣಿ ಪತ್ರ, ತಪಾಸಣಾ ಪತ್ರ ಹಾಗೂ ವಿಮೆ ಇರತಕ್ಕದ್ದು. ನಡೆಸುವವರಿಗೆ ಅರ್ಹತಾ ಪತ್ರ ಇರತಕ್ಕದ್ದು. ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಸಂಸ್ಥೆಯ ಹಂತದಲ್ಲಿ ದಾಖಲಿಸುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ರಾಜ್ಯದಲ್ಲಿ ಈ ವಿಷಯವು ಬಂದರು ಮತ್ತು ಒಳನಾಡು ಜಲಸಾರಿಗೆಗೆ ಸಂಬಂಧಪಟ್ಟಿದೆ.

ಬಾಡಿಗೆಗೆ ಪಡೆಯುವವರು ಈ ಪತ್ರಗಳನ್ನು ತೋರಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ. ಬಸ್ಸನ್ನು ಬಾಡಿಗೆಗೆ ಪಡೆಯುವಾಗ ಪರ್ಮಿಟ್ ಕೇಳುವ ನಾವು ದೋಣಿಯ ವಿಷಯದಲ್ಲಿ ಮಾತ್ರ ಮೌನವಾಗಿರುತ್ತೇವೆ. ನೋಂದಣಿ ಸಂಖ್ಯೆ ದೋಣಿಯ ಮೇಲೆ ಕಾಣುವಂತೆ ಬರೆದಿದೆಯೇ, ತಪಾಸಣೆಯ ಅವಧಿ ಮುಗಿದಿಲ್ಲವೇ, ಎಷ್ಟು ಪ್ರಯಾಣಿಕರಿಗೆ ಅನುಮತಿ ಇದೆ ಎಂಬ ಮೂರು ಅಂಶಗಳನ್ನು ನೋಡಿದರೆ ಸಾಕು. ಪತ್ರ ಮನೆಯಲ್ಲಿದೆ ಎಂದು ಹೇಳಿದಲ್ಲಿ ದೋಣಿ ಹತ್ತಬಾರದು.

ಎಷ್ಟು ಮಂದಿ?

ತಂಡದಲ್ಲಿ 42 ಮಂದಿ ಇದ್ದು, ದೋಣಿಗೆ 20 ಮಂದಿಯ ಅನುಮತಿ ಇದ್ದಲ್ಲಿ ಮೂರು ಸುತ್ತು ಬೇಕಾಗುತ್ತದೆ, ಎರಡಲ್ಲ. ಮಡಿಲಲ್ಲಿ ಕೂರುವ ಮಗುವನ್ನೂ ಒಬ್ಬರೆಂದೇ ಎಣಿಸತಕ್ಕದ್ದು, ಆ ಮಗುವಿಗೂ ಅದರ ಅಳತೆಯ ಜೀವರಕ್ಷಕ ಜಾಕೆಟ್ ಇರತಕ್ಕದ್ದು. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಅದು ಮೇಲಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಜಾಕೆಟ್ಟುಗಳನ್ನು ಸೀಟಿನ ಕೆಳಗೆ ಇಟ್ಟಿದ್ದೇವೆ ಎಂಬ ಉತ್ತರವನ್ನು ಒಪ್ಪಬಾರದು. ದಡದಲ್ಲಿಯೇ ತೊಟ್ಟು, ಬಕಲು ಬಿಗಿದು, ಭುಜದ ಬಳಿ ಎಳೆದು ನೋಡಿ ಹತ್ತತಕ್ಕದ್ದು. ಸೀರೆ, ಶಾಲು ಇವು ಜಾಕೆಟ್ಟಿನ ಒಳಗೆ ಇರಬೇಕು, ಮೇಲೆ ಹೊದೆಯಬಾರದು.

ಈ ಎಚ್ಚರಿಕೆಗಳು ಅತಿಯಾದವು ಎಂದು ಭಾವಿಸುವವರ ಗಮನಕ್ಕೆ ಕೆಲವು ಸಂಗತಿಗಳನ್ನು ತರಲಾಗಿದೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಕಾಡುಪ್ರಾಣಿ ನೋಡಲು ಪ್ರಯಾಣಿಕರು ಒಂದೇ ಬದಿಗೆ ಸರಿದಾಗ ದೋಣಿ ವಾಲಿತೆಂದು ವರದಿಯಾದ ಅವಘಡದಲ್ಲಿ 45 ಮಂದಿ ಮೃತಪಟ್ಟರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ಮೃತಪಟ್ಟರು. ಮೀನುಗಾರಿಕೆಯ ದೋಣಿಯನ್ನೇ ವಿಹಾರದ ದೋಣಿಯಾಗಿ ಮಾರ್ಪಡಿಸಲಾಗಿತ್ತು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು ಹಾಗೂ ಇಬ್ಬರು ಶಿಕ್ಷಕಿಯರು ಪ್ರಾಣ ಕಳೆದುಕೊಂಡರು. ಹರಣಿಯದು ಊರಿನ ಕೆರೆ, ಸಮುದ್ರವಲ್ಲ ಎಂಬುದನ್ನು ಗಮನಿಸುವುದು.

ದಡದಲ್ಲಿ ನಿಂತಾಗ ಬೇಡವೆನ್ನುವುದು ಕಷ್ಟ. ಬಸ್ಸು ಕಾಯುತ್ತಿರುತ್ತದೆ, ಮಕ್ಕಳು ಹಟ ಮಾಡುತ್ತಿರುತ್ತಾರೆ, ಹಣ ಕೊಟ್ಟಾಗಿರುತ್ತದೆ. ಹಾಗಾಗಿ ತಂಡದವರು ಊರಿನಿಂದ ಹೊರಡುವ ಮುನ್ನವೇ ಒಬ್ಬರನ್ನು ಮುಖ್ಯಸ್ಥರನ್ನಾಗಿ ನೇಮಿಸಿಕೊಂಡು, ಅವರು ಬೇಡವೆಂದಲ್ಲಿ ಯಾರೂ ವಾದಿಸತಕ್ಕದ್ದಲ್ಲ ಎಂದು ಒಪ್ಪಿಕೊಂಡಿರಬೇಕು. ಆ ಮುಖ್ಯಸ್ಥರು ಹೆಸರುಗಳ ಪಟ್ಟಿಯ ಒಂದು ಪ್ರತಿಯನ್ನು ದಡದಲ್ಲಿ ಉಳಿಯುವವರ ಬಳಿ ಬಿಡತಕ್ಕದ್ದು. ಮದ್ಯ ಸೇವಿಸಿದವರನ್ನು, ಅವರು ಬಂಧುಗಳೇ ಆಗಿರಲಿ, ದೋಣಿಗೆ ಹತ್ತಿಸಬಾರದು. ಶಾಲಾ ಪ್ರವಾಸವಾದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಅನುಮತಿ ಹಾಗೂ ಪೋಷಕರ ಒಪ್ಪಿಗೆ ಪತ್ರದಲ್ಲಿ ದೋಣಿ ವಿಹಾರದ ವಿಷಯವನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು.

ಹೊರ ಜಿಲ್ಲೆ ಹಾಗೂ ಹೊರ ರಾಜ್ಯದಲ್ಲಿ ನೌಕೆ ಬಾಡಿಗೆ

ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಮೈಸೂರಿನ ಕಾರಂಜಿ ಕೆರೆ ಹಾಗೂ ಕಬಿನಿ ಹಿನ್ನೀರಿನಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ದೋಣಿ ಸಫಾರಿ ಸಮೀಪದ ಅವಕಾಶಗಳು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ಇರುವುದಿಲ್ಲ.

ನಿಜವಾದ ಯಾಚ್ ಬಾಡಿಗೆಗೆ ಗೋವಾ ಅಥವಾ ಕೊಚ್ಚಿಗೆ ಹೋಗುವವರು ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ ಎಂಬುದನ್ನು ತಿಳಿದಿರಬೇಕು. ಆ ಗಂಟೆ ನೌಕೆ ದಡ ಬಿಟ್ಟಾಗಿನಿಂದಲೋ ತಂಡ ಹತ್ತಿದಾಗಿನಿಂದಲೋ, ಇಂಧನ ಹಾಗೂ ಸಿಬ್ಬಂದಿಯ ವೆಚ್ಚ ಸೇರಿದೆಯೋ, ತೆರಿಗೆ ಪ್ರತ್ಯೇಕವೋ, ಹವಾಮಾನದಿಂದ ರದ್ದಾದಲ್ಲಿ ಹಣ ಮರಳುವುದೋ ಅಥವಾ ಬೇರೆ ದಿನಾಂಕ ಮಾತ್ರ ಸಿಗುವುದೋ ಎಂಬುದನ್ನು ಬರಹದಲ್ಲಿ ಪಡೆಯತಕ್ಕದ್ದು. ಜಾಹೀರಾತಿನಲ್ಲಿರುವ ಚಿತ್ರದ ನೌಕೆಯೇ ಬರುವುದೆಂಬ ಖಾತರಿಗಾಗಿ ನೌಕೆಯ ನೋಂದಣಿ ಸಂಖ್ಯೆಯನ್ನು ರಶೀದಿಯಲ್ಲಿ ಬರೆಸಿಕೊಳ್ಳುವುದು ಉತ್ತಮ ಉಪಾಯ.

ಕೋರಿಕೆ ಪತ್ರದ ಮಾದರಿ

ಇವರಿಗೆ: (ದೋಣಿ ವ್ಯವಸ್ಥೆ ನಡೆಸುವ ಕಚೇರಿ ಅಥವಾ ಮಾಲೀಕರು)
ವಿಷಯ: ತಂಡದ ವಿಹಾರಕ್ಕೆ ಪ್ರತ್ಯೇಕ ದೋಣಿ ಒದಗಿಸುವ ಬಗ್ಗೆ.

ಮಾನ್ಯರೇ, ನಮ್ಮ ತಂಡದ ____ ವಯಸ್ಕರು ಹಾಗೂ ____ ಮಕ್ಕಳು ದಿನಾಂಕ ____ ರಂದು ____ ಗಂಟೆಗೆ ವಿಹಾರಕ್ಕೆ ಬರಲು ಇಚ್ಛಿಸಿರುತ್ತೇವೆ. ದೋಣಿಯ ನೋಂದಣಿ ಸಂಖ್ಯೆ, ಅನುಮತಿಸಿದ ಪ್ರಯಾಣಿಕರ ಸಂಖ್ಯೆ, ಮಕ್ಕಳ ಅಳತೆಯ ಜಾಕೆಟ್ಟುಗಳ ಲಭ್ಯತೆ, ಒಟ್ಟು ಬಾಡಿಗೆ ಹಾಗೂ ರದ್ದತಿಯ ಷರತ್ತುಗಳನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ. ಅನುಮತಿಸಿದ ಸಂಖ್ಯೆಗಿಂತ ಹೆಚ್ಚು ಮಂದಿಯನ್ನು ಹತ್ತಿಸುವಂತೆ ನಾವು ಕೇಳುವುದಿಲ್ಲ.

ಕೊನೆಯ ವಾಕ್ಯವನ್ನು ತಂಡದ ಎಲ್ಲರಿಗೂ ಓದಿ ಹೇಳಿದ ನಂತರವೇ ಮುಖ್ಯಸ್ಥರು ಸಹಿ ಮಾಡುವುದು ಸೂಕ್ತ.

ದೂರು ಸಲ್ಲಿಸುವ ಬಗ್ಗೆ

ಮಿತಿಮೀರಿ ಜನರನ್ನು ತುಂಬಿಕೊಂಡು ಅಥವಾ ಜಾಕೆಟ್ ಇಲ್ಲದೆ ದೋಣಿ ಹೊರಡುತ್ತಿರುವುದು ಕಂಡುಬಂದಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ಅವಘಡ ಸಂಭವಿಸುವವರೆಗೆ ಕಾಯಬೇಕಾಗಿಲ್ಲ. ಅನುಮತಿಯಿಲ್ಲದೆ ನಡೆಯುವ ದೋಣಿಗಳ ಬಗ್ಗೆ ಆಯಾ ತಾಲ್ಲೂಕಿನ ತಹಶೀಲ್ದಾರರಿಗೆ ಅಥವಾ ಮಂಡ್ಯದ ಜಿಲ್ಲಾಧಿಕಾರಿಗಳ ಕಚೇರಿಗೆ ಸ್ಥಳ, ದಿನಾಂಕ ಹಾಗೂ ಸಮಯ ನಮೂದಿಸಿ ಲಿಖಿತ ದೂರು ಸಲ್ಲಿಸಬಹುದು.

ಮುಂಗಡ ಹಣ ಹಿಂದಿರುಗಿಸದಿದ್ದಲ್ಲಿ ಅಥವಾ ಹೇಳಿದ ಸೇವೆ ನೀಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಗೋವಾದಲ್ಲಿ ನೌಕೆ ಬಾಡಿಗೆಗೆ ಪಡೆದ ನಾಗಮಂಗಲದವರು ಅದಕ್ಕಾಗಿ ಗೋವಾಕ್ಕೆ ಅಲೆಯಬೇಕಾಗಿಲ್ಲ, ಮಂಡ್ಯದಲ್ಲಿಯೇ ಸಲ್ಲಿಸಬಹುದು. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ನೀಡತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ಯಾವುದೇ ಶುಲ್ಕವಿರುವುದಿಲ್ಲ. ರಶೀದಿ, ಹಣ ಪಾವತಿಸಿದ ದಾಖಲೆ, ಬರಹದಲ್ಲಿ ಪಡೆದ ಷರತ್ತುಗಳು ಹಾಗೂ ಫೋನಿನಲ್ಲಿ ಬಂದ ಸಂದೇಶಗಳ ಪ್ರತಿಗಳನ್ನು ದೂರಿನೊಂದಿಗೆ ಲಗತ್ತಿಸತಕ್ಕದ್ದು.